ಸೆಕೆಂಡ್ ಹ್ಯಾಂಡ್ ವಾರ

ಸೂಟಿ ಅಂದರೆ ವಿಶ್ರಾಂತಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಸೂಟಿ ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ನಾನು ಬಾಗಲಕೋಟೆಯ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದೆ. ಕಚೇರಿಯೊಳಗೆ ವರ್ಷಾನುಗಟ್ಟಲೆ ನಡೆಯದಂಥವು ರಜೆ ಹಾಕಿದ ಎರಡೇ ದಿನಗಳಲ್ಲಿ ನಡೆದುಬಿಡುತ್ತಿದ್ದವು.

ಎರಡು ಬೀಗ

ಎಪ್ಪತ್ತರ ದಶಕದಲ್ಲಿ ನಮ್ಮ ಪ್ರವಾಸವೆಂದರೆ ಬಾದಾಮಿಯೊಂದೇ. ಹೆಂಡತಿಯ ಅಕ್ಕನ ಮನೆ ಅಲ್ಲಿತ್ತು. ಮೇ ತಿಂಗಳಲ್ಲಿ ಎಂಟು ದಿನ, ದೀಪಾವಳಿಗೆ ನಾಲ್ಕು ದಿನ ಹೋಗಿ ಇರುತ್ತಿದ್ದೆವು. ಬರುತ್ತೇವೆ ಅಂತ ಕಾರ್ಡು ಬರೆಯುವ ರೂಢಿ ಎರಡೂ ಕಡೆಗೆ ಇರಲಿಲ್ಲ. ಅಕ್ಕ-ತಂಗಿಯರ ನಡುವೆ ಕಾರ್ಡು ಏಕೆ ಅನ್ನುವುದು ಅವರಿಬ್ಬರ ವಾದ.

ಒಂದು ಮೇ ತಿಂಗಳಲ್ಲಿ ಗಂಟುಮೂಟೆ, ಇಬ್ಬರು ಮಕ್ಕಳು, ಒಂದು ಡಬ್ಬಿ ಶೇಂಗಾ ಹೋಳಿಗೆ ಸಮೇತ ಬಸ್ಸಿನಿಂದ ಇಳಿದು ಹೋಗಿ ನೋಡಿದರೆ ಬಾದಾಮಿಯ ಮನೆಗೆ ಬೀಗ. ಪಕ್ಕದ ಮನೆಯಾಕೆ ಹೊರಗೆ ಬಂದು, ಅವರು ಮುಂಜಾನೆಯ ರೈಲಿಗೆ ಬಾಗಲಕೋಟೆಗೆ, ನಮ್ಮ ಮನೆಗೇ ಹೋದರೆಂದು ತಿಳಿಸಿದಳು. ಸಾಮಾನು ಹೊತ್ತು ಸ್ಟೇಷನ್ನಿಗೆ ಓಡಿ ಮಧ್ಯಾಹ್ನದ ರೈಲು ಹಿಡಿದೆವು. ಊರಿಗೆ ಬಂದರೆ ನಮ್ಮ ಪಕ್ಕದ ಮನೆಯವರು ಹೇಳಿದರು: ಅವರು ನಮ್ಮ ಕಟ್ಟೆಯ ಮೇಲೆ ಎರಡು ತಾಸು ಕೂತು, ತಂದ ಬುತ್ತಿ ತಿಂದು, ಈಗಷ್ಟೇ ಬಾದಾಮಿಯ ಬಸ್ಸು ಹತ್ತಿದ್ದಾರೆ.

ಆ ಸಲದ ಸೂಟಿ ಅಲ್ಲಿಗೆ ಮುಗಿಯಿತು. ವಾರದ ಮೇಲೆ ಷಡ್ಡಕರಿಂದ ಮೊಟ್ಟಮೊದಲ ಕಾರ್ಡು ಬಂತು. ಕ್ಷೇಮ ಸಮಾಚಾರದ ಕೆಳಗೆ ಎರಡೇ ಸಾಲು ಇದ್ದವು: "ನಿಮ್ಮ ಕಟ್ಟಿ ಭಾಳ ತಂಪೈತಿ. ಮುಂದಿನ ಸಲ ಒಂದು ಚಾಪಿ ಹೊರಗ ಇಟ್ಟು ಹೋಗ್ರಿ."

ಮೂರು ಕಾಗದ

ಮಕ್ಕಳಿಬ್ಬರೂ ಓದಲಿಕ್ಕೆ ಧಾರವಾಡಕ್ಕೆ ಹೋದರು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಒಂದು ದಿನ ಹೆಂಡತಿ ರೊಟ್ಟಿ ಬಡಿಯುತ್ತಲೇ ಒಂದು ಮಾತು ಹೇಳಿದಳು.

"ನೀವು ಸೂಟಿ ಹಾಕ್ತೀರಿ, ನಾ ಇಲ್ಲಿ ಬಡಿಯೂ ರೊಟ್ಟಿ ಅಕ್ಕನ ಮನಿಗೆ ಹೋಗಿ ಬಡಿತೇನಿ. ಒಮ್ಮೆರ ನನ್ನ ಗುರುತ ಇಲ್ಲದ ಊರಿಗೆ ಕರ್ಕೊಂಡು ಹೋಗ್ರಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಇಂಥದನ್ನು ಕೇಳಿದ್ದು ಅದೇ ಮೊದಲು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಅದಾಗಿ ಹದಿನೈದು ದಿನಕ್ಕೆ ಮದುವೆಯೊಂದರ ಸೀರೆ ತರಲು ಇಳಕಲ್ಲಿಗೆ ಹೋದೆವು. ನಾವು ಯಾವಾಗಲೂ ಹೋಗುವ ಅಂಗಡಿಯ ಸಾಹುಕಾರರು ಮಾತಿಗೆ ಮಾತು ಬಂದು ಒಂದು ವಿಷಯ ತೆಗೆದರು. ವ್ಯಾಪಾರಕ್ಕೆ ಪುಣೆಗೆ ಹೋದಾಗ ಯಾವುದೋ ಕಂಪನಿಯವರು ಅವರನ್ನೂ ಇನ್ನಿಬ್ಬರು ವ್ಯಾಪಾರಿಗಳನ್ನೂ ಚಹಾಕ್ಕೆ ಕರೆದಿದ್ದರಂತೆ. ಚಹಾದ ಜೊತೆಗೆ ಗುಡ್ಡದ ಫೋಟೋ, ಸಮುದ್ರದ ಫೋಟೋ ತೋರಿಸಿದರಂತೆ. ಎರಡನೇ ಕಪ್ಪು ಮುಗಿಯುವುದರೊಳಗೆ ಮೂವರೂ ಸಹಿ ಹಾಕಿದ್ದರು. ಕೊಂಡದ್ದು ಹೊಲವಲ್ಲ, ಮನೆಯಲ್ಲ, ಒಂದು ವಾರ. ಪ್ರತಿ ವರ್ಷ ಆ ಒಂದು ವಾರ ಆ ಫೋಟೋದ ಊರಿನ ಬಂಗಲೆಯ ಒಂದು ಖೋಲಿ ಇವರದು. ಉಳಿದ ವಾರಗಳು ಬೇರೆಬೇರೆಯವರವು.

ಮೂರು ವರ್ಷವಾದರೂ ಅಂಗಡಿ ಬಿಟ್ಟು ಹೋಗಲು ಮೂವರಿಗೂ ಆಗಿರಲಿಲ್ಲ. ಹೊಸದರ ಅರ್ಧ ಬೆಲೆಗೆ ಬಿಟ್ಟುಕೊಡುತ್ತೇವೆ, ಯಾವುದು ಬೇಕೋ ಆರಿಸಿಕೊಳ್ಳಿ ಅಂದರು. ಉಳಿದಿಬ್ಬರು ಮಾರಲು ತಮ್ಮ ಕಡೆ ಕೊಟ್ಟಿದ್ದವನ್ನೂ ಸೇರಿಸಿ ಮೂರೂ ಕಾಗದಗಳನ್ನು ತಂದು, ಸೆರಗು ಬಿಡಿಸಿ ತೋರಿಸುವ ಹಾಗೆಯೇ ಗಾದಿಯ ಮೇಲೆ ಒಂದೊಂದಾಗಿ ಬಿಡಿಸಿಟ್ಟರು.

ಮೊದಲನೆಯದು ಗೋವಾ. ಎದುರಿಗೇ ಸಮುದ್ರ ಅಂದರು. ಅಲ್ಲಿ ಅಡಿಗೆಮನೆ ಎಲ್ಲರಿಗೂ ಕೂಡಿ ಒಂದೇ ಏನು ಅಂತ ಹೆಂಡತಿ ಕೇಳಿದಳು. ಒಂದೇ ಅಂದರು. ಮೀನು ಬೇಯುವ ಕಡೆ ತನಗೆ ಊಟ ಇಳಿಯುವುದಿಲ್ಲ ಅಂತ ಆ ಕಾಗದ ಮಡಿಚಿ ಬದಿಗಿಟ್ಟಳು. ಎರಡನೆಯದು ಊಟಿ. ಅಲ್ಲಿಗೆ ಮುಟ್ಟಲು ಎರಡು ಹಗಲು ಎರಡು ರಾತ್ರಿ ಬೇಕು. ಅವಳಿಗೆ ಕೂತಲ್ಲಿ ನಿದ್ದೆ ಬರುವುದಿಲ್ಲ. ಅದನ್ನೂ ಮಡಿಚಿದಳು. ಮೂರನೆಯದು ಮಹಾಬಳೇಶ್ವರದ ಹತ್ತಿರದ ಗುಡ್ಡ, ಸಾಹುಕಾರರ ಸ್ವಂತದ್ದು. ಇಪ್ಪತ್ತೊಂಬತ್ತನೇ ವಾರ, ಮೇ ತಿಂಗಳ ನಡುವೆ ಬರುತ್ತದೆ, ನಿಮ್ಮೂರಲ್ಲಿ ಬಿಸಿಲು ಕಾಯುವಾಗ ಅಲ್ಲಿ ಶಾಲು ಹೊದೆಯಬೇಕು ಅಂದರು. ಹೋಗುವ ಹಾದಿ ಯಾವುದು ಅಂತ ಅವಳು ಕೇಳಿದಳು. ಲೋಕಾಪುರದ ಮೇಲೆ ಅಂದರು. ಅಂದರೆ ಹಾದಿಯಲ್ಲಿ ತುಳಸಿಗೇರಿ ಬರುತ್ತದೆ, ಹನುಮಪ್ಪನಿಗೆ ಬಸ್ಸಿನಿಂದಲೇ ಕೈಮುಗಿಯಬಹುದು. ಅವಳ ಮುಖ ಅರಳಿತು.

ಅವಳು ಕಾಗದವನ್ನು ಬೆಳಕಿಗೆ ಹಿಡಿದಳು, ಅಂಚು ಮುಟ್ಟಿ ನೋಡಿದಳು, ಇಪ್ಪತ್ತು ವರ್ಷದ ರೂಢಿಯ ಹಾಗೆ ಕೇಳಿಯೂ ಬಿಟ್ಟಳು:

"ಇದರಾಗ ಬ್ಯಾರೆ ಬಣ್ಣದ್ದು ಇಲ್ಲೇನ್ರಿ?"

ಚಕ್ಕುಬಂದಿ

ಹೆಸರು ಬದಲಾಯಿಸಲು ಕಂಪನಿಗೆ ಒಂದು ಬರವಣಿಗೆ ಬೇಕಿತ್ತು. ಸಾಹುಕಾರರು ನನ್ನನ್ನು ಹುನಗುಂದಕ್ಕೆ ಕರೆದೊಯ್ದರು. ಅಲ್ಲಿ ತಹಶೀಲ್ದಾರ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಒಬ್ಬ ಹಿರಿಯರು ಖರೀದಿ ಪತ್ರ ಬರೆಯುತ್ತಿದ್ದರು. ತಾಲೂಕಿನ ಅರ್ಧ ಹೊಲಗಳು ಅವರ ಕೈಯಿಂದಲೇ ಕೈ ಬದಲಾಯಿಸಿದ್ದವು.

ಅವರು ಟಾಕು ಅದ್ದಿಕೊಂಡು ಸರ್ವೆ ನಂಬರ ಕೇಳಿದರು. ಇಪ್ಪತ್ತೊಂಬತ್ತು ಅಂದೆವು. ಕ್ಷೇತ್ರ ಎಷ್ಟು ಅಂದರು. ಏಳು ದಿನ ಅಂದೆವು. ಟಾಕು ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದರು. ಸಾಹುಕಾರರು ಎಲ್ಲವನ್ನೂ ಮೊದಲಿನಿಂದ ವಿವರಿಸಿದರು. ಹಿರಿಯರು ಕೊನೆವರೆಗೂ ಸಮಾಧಾನದಿಂದ ಕೇಳಿ, ಆಗಲಿ, ಆದರೆ ಚಕ್ಕುಬಂದಿ ಇಲ್ಲದ ಕಾಗದ ತಾವು ಬರೆಯುವುದಿಲ್ಲ ಅಂದರು. ನಾಲ್ಕೂ ದಿಕ್ಕಿಗೆ ಯಾರ ಆಸ್ತಿ ಇದೆ ಅನ್ನುವುದು ಬೇಕೇ ಬೇಕು.

ಯೋಚಿಸಿ ಯೋಚಿಸಿ ಬರೆಸಿದೆವು. ಪೂರ್ವಕ್ಕೆ ಇಪ್ಪತ್ತೆಂಟನೇ ವಾರದವರು, ಪಶ್ಚಿಮಕ್ಕೆ ಮೂವತ್ತನೇ ವಾರದವರು. ಉತ್ತರ-ದಕ್ಷಿಣಕ್ಕೆ ಏನೂ ಹೊಳೆಯಲಿಲ್ಲ. ಅವರೇ ದಾರಿ ತೋರಿಸಿ, ಗುಡ್ಡ ಅಂದ ಮೇಲೆ ಒಂದು ಕಡೆ ಏರು, ಒಂದು ಕಡೆ ಇಳಿಜಾರು ಇದ್ದೇ ಇರುತ್ತದೆ ಅಂತ ಹಾಗೆಯೇ ಬರೆದರು. ಕೊನೆಗೆ ಮರಳು ಉದುರಿಸಿ ಮಸಿ ಒಣಗಿಸುತ್ತ, ಸಾಹುಕಾರರಿಗೆ ಗಂಭೀರವಾಗಿ ಒಂದು ಪ್ರಶ್ನೆ ಹಾಕಿದರು:

"ಮೂರು ವರ್ಷ ಖಾಲಿ ಬಿಟ್ಟೀರಿ. ನಿಮ್ಮ ವಾರದಾಗ ಯಾರರ ಸಾಗುವಳಿ ಮಾಡಾಕತ್ತಿಲ್ಲಲ್ಲ? ಮಾಡಾಕತ್ತಿದ್ರ ಈಗಿನ ಕಾನೂನಿನ ಪ್ರಕಾರ ಅದು ಅವರದ ಆಗ್ತೈತಿ ನೋಡ್ರಿ."

ಏಳೂ ವಾರ

ನಾನು ವಾರ ಕೊಂಡ ಸುದ್ದಿ ಕಚೇರಿಯಲ್ಲಿ ಹಬ್ಬಿತು. ನನ್ನ ಎದುರಿನ ಮೇಜಿನ ಗುಮಾಸ್ತರು ಬಂದು, ಯಾವ ವಾರ ತೊಗೊಂಡ್ರಿ, ಸೋಮವಾರನೋ ಶುಕ್ರವಾರನೋ ಅಂತ ಕೇಳಿದರು. ಹಾಗಲ್ಲ, ಸೋಮವಾರದಿಂದ ರವಿವಾರದ ತನಕ ಏಳೂ ತೊಗೊಂಡೀನಿ ಅಂದೆ. ಅವರು ಗೋಡೆಯ ಕ್ಯಾಲೆಂಡರು ನೋಡಿ ಬಂದರು.

"ರವಿವಾರ ಒಂದು ನಮಗ ಬಿಡಬೇಕಿತ್ರಿ" ಅಂದರು.

ಇದ್ದವರು ಯಾರು

ಮೇ ತಿಂಗಳು ಬಂತು. ತುಳಸಿಗೇರಿಯಲ್ಲಿ ಹೆಂಡತಿ ಕಿಟಕಿಯಿಂದ ಕೈಮುಗಿದಳು. ಕೊಲ್ಲಾಪುರ, ಸಾತಾರೆಯಲ್ಲಿ ಬಸ್ಸು ಬದಲಾಯಿಸಿ, ಘಟ್ಟದ ತಿರುವುಗಳಲ್ಲಿ ಅವಳು ನಿಂಬೆಹಣ್ಣು ಮೂಸುತ್ತ, ನಾನು ಅವಳ ಹಣೆ ಹಿಡಿಯುತ್ತ, ಮರುದಿನ ಮಧ್ಯಾಹ್ನ ಬಂಗಲೆ ಮುಟ್ಟಿದೆವು. ಸ್ಟೋವು, ಜೋಳದ ಹಿಟ್ಟು, ರೊಟ್ಟಿ ಹಂಚು ಎಲ್ಲ ಜೊತೆಗಿದ್ದವು. ಅಡಿಗೆ ಬೇಡವೆಂದೇ ಹೊರಟವಳು ಅವನ್ನು ಬಿಟ್ಟು ಬರಲು ಒಪ್ಪಿರಲಿಲ್ಲ.

ನಮ್ಮ ಖೋಲಿಯ ಬಾಗಿಲು ತೆರೆದಿತ್ತು. ಒಳಗೆ ಪುಣೆಯ ವಯಸ್ಸಾದ ಗಂಡ-ಹೆಂಡತಿ ಇಸ್ಪೀಟು ಆಡುತ್ತಿದ್ದರು. ಹುನಗುಂದದ ಹಿರಿಯರ ಸಾಗುವಳಿಯ ಪ್ರಶ್ನೆ ನೆನಪಾಗಿ ನಾನು ನೆಟ್ಟಗೆ ಬಂಗಲೆಯ ಮ್ಯಾನೇಜರರ ಹತ್ತಿರ ಓಡಿದೆ.

ಮ್ಯಾನೇಜರು ಪುಸ್ತಕ ತೆಗೆದು ತೋರಿಸಿದರು. ನಮ್ಮದು ಇಪ್ಪತ್ತೊಂಬತ್ತನೇ ವಾರ ನಿಜ. ಆದರೆ ಈಗ ನಡೆಯುತ್ತಿರುವುದು ಇಪ್ಪತ್ತನೆಯದು. ಜನೇವರಿಯಿಂದ ಎಣಿಸಿದರೆ ಇಪ್ಪತ್ತೊಂಬತ್ತು ಬರುವುದು ಜುಲೈಯಲ್ಲಿ. ಜುಲೈಯಲ್ಲಿ ಇಲ್ಲಿ ಹೇಗಿರುತ್ತದೆ ಅಂತ ಕೇಳಿದೆ. ಅವರು ಉತ್ತರ ಕೊಡದೆ ನಮಗೆ ಚಹಾ ತರಿಸಿದರು. ಅದರಿಂದಲೇ ನನಗೆ ಅರ್ಧ ತಿಳಿಯಿತು.

ಹೆಂಡತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಇವತ್ತೇ ಮತ್ತೆ ಆ ತಿರುವುಗಳಲ್ಲಿ ಇಳಿಯಲು ತನ್ನಿಂದ ಆಗುವುದಿಲ್ಲ ಅಂತಷ್ಟೇ ಹೇಳಿದಳು. ಅದನ್ನು ನೋಡಿದ ಪುಣೆಯ ಅಜ್ಜಿ ಬಂದು ಅವಳ ಕೈ ಹಿಡಿದು ಒಳಗೆ ಕರೆದಳು. ಖೋಲಿ ದೊಡ್ಡದಿದೆ, ಎರಡು ದಿನ ಇದ್ದು ಸುಧಾರಿಸಿಕೊಂಡು ಹೋಗಿ ಅಂದಳು.

ಇದ್ದೆವು. ಉಂಡ ಮನೆಯ ಋಣ ಅಂತ ಹೆಂಡತಿ ಎರಡೂ ದಿನ ಎರಡೂ ಹೊತ್ತು ರೊಟ್ಟಿ ಬಡಿದಳು. ಅಜ್ಜ ಹೊಗಳಿ ಹೊಗಳಿ ತಿಂದರು. ಹೊರಡುವಾಗ ಅಜ್ಜಿ ಕುಂಕುಮ ಹಚ್ಚಿ, ಮನೆ ನಿಮ್ಮದೇ ಅಂತ ತಿಳಿಯಿರಿ, ಯಾವಾಗ ಬೇಕಾದರೂ ಬನ್ನಿ ಅಂದಳು. ಮನೆ ಖರೆಯೇ ನಮ್ಮದು ಅಂತ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಅಲ್ಲಿಂದ ಬಂದವನೇ ಇಳಕಲ್ಲಿಗೆ ಹೋದೆ. ಸಾಹುಕಾರರು ಮೋಸಗಾರರಲ್ಲ. ನಾನು ಹೇಳಿದ್ದನ್ನು ಕೇಳಿ ಅವರಿಗೂ ಗಾಬರಿಯಾಯಿತು. ಬೆರಳು ಮಡಿಚಿ ಮತ್ತೊಮ್ಮೆ ಎಣಿಸಿ ನೋಡಿದರು. ಅವರು ಎಣಿಸಿದ್ದು ದೀಪಾವಳಿ ಪಾಡ್ಯದ ಅಂಗಡಿ ಪೂಜೆಯಿಂದ.

"ನಮ್ಮ ವರ್ಷ ಪಾಡ್ಯಕ್ಕ ಶುರು ಆಗ್ತೈತ್ರಿ ಸರ" ಅಂದರು. "ಜನೇವರಿ ಏನಿದ್ರೂ ನಿಮ್ಮ ಸರಕಾರದವರಿಗೆ."

ಜುಲೈ

ಬೇಡವಾದರೆ ವಾರವನ್ನು ತಿರುಗಿ ತೆಗೆದುಕೊಳ್ಳುತ್ತೇನೆ ಅಂತ ಸಾಹುಕಾರರು ತಾವಾಗಿಯೇ ಹೇಳಿದ್ದರು. ನನಗೂ ಅದೇ ಬೇಕಿತ್ತು. ಹೆಂಡತಿ ಒಪ್ಪಲಿಲ್ಲ. ನಮ್ಮದು ಅಂತ ತೊಗೊಂಡ ಮೇಲೆ ಒಮ್ಮೆಯಾದರೂ ನಮ್ಮದಾಗಿ ಇದ್ದು ಬರಬೇಕು ಅಂದಳು. ಜುಲೈಯಲ್ಲಿ ಮತ್ತೆ ಹೊರಟೆವು.

ಸಾತಾರೆಯಿಂದ ಮೇಲೆ ಬಸ್ಸಿನಲ್ಲಿ ನಾವಿಬ್ಬರು, ಡ್ರೈವರು, ಕಂಡಕ್ಟರು. ಮೇಲೆ ಹೋಗಿ ನೋಡಿದರೆ ಬಂಗಲೆಯೇ ಕಾಣಲಿಲ್ಲ. ಮಳೆ ಬಡಿಯಬಾರದೆಂದು ಗೋಡೆ, ಕಿಟಕಿ ಎಲ್ಲಕ್ಕೂ ಒಣಹುಲ್ಲಿನ ತಟ್ಟಿ ಕಟ್ಟಿದ್ದರು. ನಮ್ಮೂರಲ್ಲಿ ಬಣವೆ ಒಟ್ಟಿದ ಹಾಗೆ ನಿಂತಿತ್ತು. ಮ್ಯಾನೇಜರು ಮಳೆ ಮುಗಿಯುವ ತನಕ ಊರಿಗೆ ಹೋಗಿದ್ದರು. ಇದ್ದವನು ಒಬ್ಬ ಅಡಿಗೆಯವನು. ಆ ತಿಂಗಳಲ್ಲಿ ಜನ ಬಂದದ್ದನ್ನು ಅವನು ಕಂಡಿರಲಿಲ್ಲ. ದಾರಿ ತಪ್ಪಿತೇ ಅಂತ ಕೇಳಿದ.

ಹೆಂಡತಿ ಬಂದವಳೇ ಸ್ಟೋವು ತೆಗೆದಳು. ಕಡ್ಡಿಪೆಟ್ಟಿಗೆ ತೇವ ಹಿಡಿದು ಒಂದು ಕಡ್ಡಿಯೂ ಹತ್ತಲಿಲ್ಲ. ಜೋಳದ ಹಿಟ್ಟು ಗಂಟುಗಟ್ಟಿತ್ತು. ಅಡಿಗೆಮನೆಗೆ ಹೋಗೋಣವೆಂದರೆ ಅಂಗಳದಲ್ಲಿ ಮೊಳಕಾಲು ನೀರು. ನೀವು ಅತ್ತ ಬರಬೇಡಿ, ನಾನೇ ತರುತ್ತೇನೆ ಅಂತ ಅಡಿಗೆಯವನು ಛತ್ರಿ ಹಿಡಿದು ಅನ್ನ, ಕಡಲೆಹಿಟ್ಟಿನ ಪಿಟ್ಲ ತಂದುಕೊಟ್ಟ. ಆ ದಿನವೆಲ್ಲ ಅವಳು ಮಂಚದ ತುದಿಗೆ ಕೂತು ತನ್ನ ಎರಡೂ ಕೈ ನೋಡಿಕೊಂಡಳು. ಅವಕ್ಕೆ ಏನು ಕೆಲಸ ಹಚ್ಚಬೇಕು ಅನ್ನುವುದು ಅವಳಿಗೆ ತಿಳಿದಂತೆ ಕಾಣಲಿಲ್ಲ.

ಎರಡನೇ ದಿನ ಅವಳು ಎದ್ದದ್ದು ಹತ್ತು ಗಂಟೆಗೆ. ಮೂರನೇ ದಿನ ಊಟಕ್ಕೆ ಎದ್ದು ಉಂಡು ಮತ್ತೆ ಮಲಗಿದಳು. ನಾಲ್ಕನೇ ದಿನ ನನಗೆ ಹೆದರಿಕೆಯಾಯಿತು. ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಅಡಿಗೆಯವನಿಗೆ ದವಾಖಾನೆ ಕೇಳಿದೆ. ಡಾಕ್ಟರು ಘಟ್ಟ ಇಳಿದು ಹೋಗಿದ್ದಾರೆ ಅಂದ. ವಾಪಸು ಬಂದು ಅವಳನ್ನು ಅಲುಗಾಡಿಸಿ, ಏನಾಗುತ್ತಿದೆ ಅಂತ ಕೇಳಿದೆ. ಅವಳು ಕಣ್ಣು ತೆರೆಯಲಿಲ್ಲ.

"ಜಡ್ಡಲ್ರಿ. ನಿದ್ದಿ. ಇಪ್ಪತ್ತು ವರ್ಷದ್ದು ಬಾಕಿ ಐತಿ."

ನಾನು ಚಟ್ನಿಪುಡಿ ಕಟ್ಟಿ ತಂದಿದ್ದ ಹಳೆಯ ಪೇಪರು ಬಿಡಿಸಿ ಮೂರನೇ ಸಲ ಓದಿದೆ. ಏಳು ದಿನದಲ್ಲಿ ಗುಡ್ಡ ಕಾಣಲಿಲ್ಲ, ಕಣಿವೆ ಕಾಣಲಿಲ್ಲ, ಬಂಗಲೆಯ ಗೇಟು ಸಹ ಸರಿಯಾಗಿ ಕಾಣಲಿಲ್ಲ. ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಹೆಂಡತಿಯನ್ನು ಸುತ್ತುವರಿದು, ಏನೇನು ನೋಡಿದೆ ಅಂತ ಕೇಳಿದರು. ಏನೂ ನೋಡಲಿಲ್ಲ, ಭಾಳ ಛಲೋ ಇತ್ತು ಅಂದಳು.

ಆ ವರ್ಷ ದಸರೆಯ ಹೊತ್ತಿಗೆ ಕಂಪನಿಯಿಂದ ಒಂದು ಪತ್ರ ಬಂತು. ಮೇ ತಿಂಗಳ ಒಂದು ವಾರ ಖಾಲಿಯಾಗಿದೆ, ನಿಮಗಾದ ತೊಂದರೆ ನೋಡಿ ಹೆಚ್ಚಿಗೆ ಏನೂ ಕೇಳದೆ ಬದಲಾಯಿಸಿ ಕೊಡುತ್ತೇವೆ ಅಂತ ಬರೆದಿದ್ದರು. ನಾನು ಖುಷಿಯಿಂದ ಓಡಿಬಂದು ಓದಿ ಹೇಳಿದೆ. ಹೆಂಡತಿ ಬೇಡ ಅಂದಳು. ಜುಲೈಯೇ ಇರಲಿ ಅಂತ ನಾನೇ ಬರೆದು ಕಳಿಸಬೇಕಾಯಿತು.

ನಾವು ತಿಳಿಯದೆ ಬರೆದಿದ್ದೇವೆ ಅಂತ ಅನ್ನಿಸಿರಬೇಕು, ಮ್ಯಾನೇಜರು ಖುದ್ದಾಗಿ ಇನ್ನೊಂದು ಪತ್ರ ಹಾಕಿದರು. ಜುಲೈಯಲ್ಲಿ ಕಿಟಕಿ ತೆಗೆಯಲು ಬರುವುದಿಲ್ಲ, ಹೊರಗೆ ಕಾಲಿಡಲು ಬರುವುದಿಲ್ಲ, ನೀವೇ ಅಡಿಗೆ ಮಾಡಿಕೊಳ್ಳಲು ಅನುಕೂಲವಿಲ್ಲ, ಮಾತಿಗೆ ಒಬ್ಬ ಮನುಷ್ಯ ಸಿಗುವುದಿಲ್ಲ, ಬೀಗರು-ಬಿಜ್ಜರು ಯಾರೂ ಆ ಘಟ್ಟ ಹತ್ತಿ ಬರಲಾರರು, ದಯವಿಟ್ಟು ವಿಚಾರ ಮಾಡಿ ಅಂತ ಒಂದೊಂದನ್ನೂ ನಂಬರು ಹಾಕಿ ತಿಳಿಸಿದ್ದರು. ಹೆಂಡತಿ ಹಿಟ್ಟಿನ ಕೈ ಹಾಗೆಯೇ ಹಿಡಿದು ಪೂರ್ತಿ ಕೇಳಿದಳು. ಇನ್ನೊಮ್ಮೆ ಓದಿಸಿಕೊಂಡಳು.

"ಇವನ್ನೆಲ್ಲಾ ಬಾಂಡ್ ಪೇಪರಿನ ಮ್ಯಾಲೆ ಬರದು ಕೊಡ್ರಿ ಅಂತ ಹೇಳ್ರಿ" ಅಂದಳು. "ಆಮ್ಯಾಲೆ ಬದಲ ಮಾಡ್ಯಾರು."