ಬಾಯ್ಲರ್ ಪ್ರಕರಣದ ಶಂಕಿತರು

ಅನುಮಾನ ಪಡುವುದಕ್ಕೂ ಒಂದು ಶಿಸ್ತು ಬೇಕು ಎಂದು ನಂಬಿದವನು ನಾನು. ಸುಮ್ಮನೆ ಕಂಡವರ ಮೇಲೆಲ್ಲ ಗುರುಗುಟ್ಟುವುದು ಬೇರೆ. ತಾರೀಖು ಹಾಕಿ, ಗೆರೆ ಎಳೆದು, ಯಾರ ಮೇಲೆ ಎಷ್ಟು ಅನುಮಾನ ಎಂದು ಬರೆದಿಡುವುದು ಬೇರೆ. ಹೈಸ್ಕೂಲಿನಿಂದಲೂ ನಾನು ಡೈರಿ ಬರೆಯುತ್ತಿದ್ದೇನೆ. ನೀರು ಬಿಟ್ಟ ದಿನ, ಕರೆಂಟು ಹೋದ ಹೊತ್ತು, ಹಾಲಿನವರು ತಡಮಾಡಿದ ದಿನಗಳು, ಎಲ್ಲವೂ ಅದರಲ್ಲಿವೆ. ಬರೆದದ್ದನ್ನು ಮತ್ತೆ ಎಂದೂ ಓದುವುದಿಲ್ಲ ಎಂಬುದೊಂದೇ ನನ್ನ ಪದ್ಧತಿಯ ಸಣ್ಣ ಕೊರತೆ.

ಕೋಟನೂರಿನ ನಮ್ಮ ಮನೆಯಲ್ಲಿ ಎರಡು ಬಚ್ಚಲುಗಳಿವೆ. ನಾನು, ಅವ್ವ ಮಹಡಿಯ ಮೇಲಿನದನ್ನು ಬಳಸುತ್ತೇವೆ. ಅಲ್ಲಿ ಸೋಲಾರ್ ಇದೆ. ಅಡುಗೆಮನೆಯ ಹಿಂದಿನ ಕೆಳಬಚ್ಚಲಲ್ಲಿ ಹಳೆಯ ಕರೆಂಟಿನ ಬಾಯ್ಲರ್ ಇದೆ. ನಿಜ ಹೇಳಬೇಕೆಂದರೆ ಅದು ಹೆಚ್ಚು ದುಡಿಯುವುದು ಬೇಸಿಗೆಯಲ್ಲಿ, ಅದೂ ಸ್ವಿಚ್ಚು ಹಾಕದೆ. ಕಲಬುರಗಿಯ ಬಿಸಿಲಿಗೆ ಮೇಲಿನ ಟ್ಯಾಂಕಿನ ನೀರು ಅಕ್ಕಿ ಬೇಯುವಷ್ಟು ಕಾದಿರುತ್ತದೆ. ಬಾಯ್ಲರಿನೊಳಗೆ ರಾತ್ರಿಯಿಡೀ ನಿಂತ ನೀರೊಂದೇ ಮೈಗೆ ಸುರಿದುಕೊಳ್ಳುವಂತಿರುತ್ತದೆ. ನೀರು ಕಾಯಿಸಲು ತಂದ ಯಂತ್ರವನ್ನು ನೀರು ತಣ್ಣಗಿಡಲು ಬಳಸುವುದು ನಮ್ಮೂರಿನವರಿಗೆ ವಿಚಿತ್ರವೇನಲ್ಲ. ಮಳೆ ಶುರುವಾದರೆ ಆ ಬಚ್ಚಲಿಗೆ ರಜೆ.

ಈ ಚಳಿಗಾಲದಲ್ಲಿ ಆಯಿ, ಅಂದರೆ ಅವ್ವನ ಅವ್ವ, ಕಮಲಾಪುರದಿಂದ ಬಂದಳು. ಮೊಣಕಾಲಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ದಿನಾ ವ್ಯಾಯಾಮ ಮಾಡಿಸಬೇಕು, ಮೂರು ವಾರ ತಪ್ಪಿಸಬಾರದು, ನಡುವೆ ಬಿಟ್ಟರೆ ಕೋಲು ಖಾಯಂ ಎಂದು ಡಾಕ್ಟರು ಹೇಳಿದ್ದರು. ಮೆಟ್ಟಿಲು ಹತ್ತಲಾಗದ್ದರಿಂದ ಅವಳಿಗೆ ಕೆಳಬಚ್ಚಲೇ ಗತಿ. ಮೊದಲ ದಿನ ಬಾಯ್ಲರ್ ಹಾಕಿದೆ. ದೀಪ ಹತ್ತಿತು. ಇಪ್ಪತ್ತು ನಿಮಿಷಕ್ಕೆ ಆರಿತು. ನೀರು ಕಾದಿದೆ ಎಂದು ಥರ್ಮೋಸ್ಟಾಟ್ ಹೇಳುವ ರೀತಿ ಅದು. ಕೆಂಪು, ನೀಲಿ ಬಿಲ್ಲೆಯ ಎರಡು ನಳಗಳಲ್ಲಿ ಆಯಿ ಬಿಸಿನೀರಿನ ಕೆಂಪನ್ನು ತಿರುಗಿಸಿದಳು. ಮಂಜಿನಂಥ ನೀರು.

"ನಮ್ಮೂರ ಬಾಳಿಹಣ್ಣು ಕೆಂಪಿದ್ರ ಒಳಗ ಸಿಹಿ ಅದ. ನಿಮ್ಮ ನಳ ಕೆಂಪಿದ್ರ ಏನದನೋ?" ಎಂದಳು.

ಅಂದೇ ಜಗತ್ ವೃತ್ತದ ಹತ್ತಿರದ ಅಂಗಡಿಯಿಂದ ಥರ್ಮಾಮೀಟರ್ ತಂದೆ. ನಾಲ್ಕು ದಿನ, ದಿನಕ್ಕೆ ಮೂರು ಸಲ ಕೆಂಪು ನಳದ ನೀರನ್ನು ಅಳೆದು ಪಟ್ಟಿ ಮಾಡಿದೆ. ದೀಪ ಹನ್ನೆರಡು ಸಲವೂ ಆರಿತು, ನೀರು ಹನ್ನೆರಡು ಸಲವೂ ತಣ್ಣಗಿತ್ತು. ಥರ್ಮೋಸ್ಟಾಟ್ ಸುಳ್ಳು ಸಾಕ್ಷಿ ಹೇಳುತ್ತಿದೆ, ಅದನ್ನು ನಂಬಿ ಬಾಯ್ಲರ್ ಬೇಗ ಮಲಗುತ್ತಿದೆ ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಆಯಿ ಒಲೆಯ ಮೇಲೆ ಕಾಸಿದ ಎರಡು ತಂಬಿಗೆ ನೀರಿನಲ್ಲಿ ಮೈ ಒರೆಸಿಕೊಂಡು, ಕಮಲಾಪುರದ ಮನೆಯ ತಾಮ್ರದ ಹಂಡೆಯನ್ನು ನೆನೆಯತೊಡಗಿದ್ದಳು. ಮೊದಲ ದಿನ ಮೂರು ಸಲ, ನಾಲ್ಕನೆಯ ದಿನ ಹನ್ನೊಂದು ಸಲ.

ಶಹಾಬಜಾರದ ಎಲೆಕ್ಟ್ರಿಷಿಯನ್ ಮೆಹಬೂಬ್ ಭಾಯಿ ಬಂದು ಬಾಯ್ಲರಿನ ಮುಚ್ಚಳ ಬಿಚ್ಚಿದರು. "ಸಾಬ್ರೇ, ಬಾಯ್ಲರ್ ಠೀಕ್ ಅದ, ಥರ್ಮೋಸ್ಟಾಟ್ ಭೀ ಠೀಕ್ ಅದ."

"ಮತ್ತ ನೀರ್ಯಾಕ ಕಾಯವಲ್ವು?"

"ಇಬ್ಬರಿಗೂ ಮಾತಿಲ್ಲೇನೋ. ನಿಮ್ಮ ಸಮಾಧಾನಕ್ಕ ಹೊಸಾದು ಹಾಕ್ತೀನಿ."

ಹೊಸದನ್ನು ಹಾಕಿದರು. ನೀರು ತಣ್ಣಗೇ ಬಂತು. ಮರುದಿನ ಮತ್ತೆ ಕರೆಸಿ, "ಭಾಯಿ, ಇದು ಖರೇನೇ ಹೊಸಾದೇನ್ರಿ?" ಎಂದೆ. ಅವರು ಬಾಯ್ಲರಿನಿಂದ ಹೊರಡುವ ಕೊಳವೆಯ ಮೇಲೆ ನನ್ನ ಬೆರಳನ್ನು ಒತ್ತಿದರು. ಚುರ್ ಎಂದಿತು. "ಇಲ್ಲಿತನಕ ನಂದು. ಗ್ವಾಡಿ ಒಳಗಿಂದು, ನಳದ್ದು ಪ್ಲಂಬರ್ ಕೆಲಸ. ನಲವತ್ತು ವರ್ಷಾತು, ನನಗ ಯಾರೂ ಹಿಂಗ ಕೇಳಿದ್ದಿಲ್ಲ" ಎಂದು ಚೀಲ ಹೆಗಲಿಗೇರಿಸಿ, ಚಹಾ ಕುಡಿಯದೆ ಹೋದರು.

ಬಾಯ್ಲರಿನಿಂದ ಬಿಸಿಯಾಗಿ ಹೊರಟ ನೀರು ಗೋಡೆಯೊಳಗೆ ಎಲ್ಲಿ ಮಾಯವಾಗುತ್ತದೆ? ಗೋಡೆಯ ಆಚೆಗೆ ಪಕ್ಕದ ಮನೆಯ ಶರಣಪ್ಪ ಮಾಸ್ತರ ಬಚ್ಚಲು. ಎರಡು ಮುಂಜಾನೆ ಹೊರಗೆ ನಿಂತು, ಅವರ ಕಿಂಡಿಯಿಂದ ಹಬೆ ಬಂದ ಹೊತ್ತನ್ನು ಬರೆದುಕೊಂಡೆ. ಮೂರನೆಯ ದಿನ ಅವರೇ ಹೊರಗೆ ಬಂದರು.

"ಸರ್, ನಿಮ್ಮ ಬಚ್ಚಲದಾಗ ಭಾಳ ಹಬಿ ಬರ್ತದಲ್ರಿ?"

"ಬಿಸಿನೀರಿಗೆ ಹಬಿ ಬರದ ಮತ್ತೇನ್ ಬರ್ತದೋ?" ಎಂದರು ಮಾಸ್ತರು. ಉತ್ತರ ಮೊದಲೇ ತಯಾರಿದ್ದಂತೆ ಕಂಡಿತು. ಅದನ್ನೂ ಬರೆದೆ.

ಗೋಡೆ ಒಡೆಸುವುದೆಂದು ನಿಶ್ಚಯಿಸಿದೆ. ಆದರೆ ಒಡೆಯಲು ಪ್ಲಂಬರ್ ಬರುವ ಮೊದಲೇ ಒಂಬತ್ತನೆಯ ದಿನ ಬೆಳಿಗ್ಗೆ ಕಮಲಾಪುರದಿಂದ ಸೋದರಮಾವ ಜೀಪು ತಂದು ನಿಂತರು. ಆಯಿಯೇ ಫೋನು ಮಾಡಿಸಿದ್ದಳಂತೆ. ವ್ಯಾಯಾಮ ಇನ್ನೂ ಹನ್ನೆರಡು ದಿನ ಬಾಕಿ. ಅವ್ವ ಕಣ್ಣೊರೆಸಿಕೊಳ್ಳುತ್ತ ಅವಳ ಸೀರೆ ಮಡಚುತ್ತಿದ್ದಳು. "ಕುಂಟಿದ್ರ ಕುಂಟ್ತೀನಿ, ಜಳಕ ಮಾಡಿ ಕುಂಟ್ತೀನಿ" ಎಂದು ಆಯಿ ಮುಖ ತೊಳೆಯಲು ಬಚ್ಚಲಿಗೆ ಹೋದಳು. ನಾನು ರೂಢಿಯಂತೆ ಬಾಯ್ಲರ್ ಹಾಕಿದ್ದೆ, ದೀಪ ಆರಿತ್ತು.

ಹತ್ತು ನಿಮಿಷವಾಯಿತು. ಬಕೆಟ್ಟು ತುಂಬುವ ಸದ್ದು, ಆಮೇಲೆ ತಂಬಿಗೆಯ ಸದ್ದು. ಮಾವ ಎರಡು ಸಲ ಹಾರ್ನ್ ಹೊಡೆದರು. ಇಪ್ಪತ್ತೈದು ನಿಮಿಷಕ್ಕೆ ಬಾಗಿಲು ತೆರೆದಾಗ ಹಬೆಯ ನಡುವೆ ಆಯಿ ನಿಂತಿದ್ದಳು, ಮುಖ ಕೆಂಪಗೆ, ತಲೆಗೆ ಟವೆಲು ಸುತ್ತಿ.

"ಕೆಂಪು ನಳದ ತಣ್ಣೀರಿಗೆ ಕೈ ಸೇದತಾವಂತ ನೀಲಿದು ತಿರುವಿದೆ. ಕೆಂಡದಂಥಾ ನೀರು. ಹನ್ನೆರಡು ಸಲ ಅಳದ್ಯಲ್ಲೋ, ಇದನ್ನ ಒಮ್ಮೆರ ಮುಟ್ಟಿದ್ಯೇನು?"

ಮುಟ್ಟಿರಲಿಲ್ಲ. ನೀಲಿಯ ಮೇಲೆ ದೂರೇ ಇರಲಿಲ್ಲವಲ್ಲ.

ಅವ್ವನಿಗೆ ಏನೋ ಹೊಳೆದು ನನ್ನ ಡೈರಿ ತಂದು ಏಪ್ರಿಲ್ ತಿಂಗಳನ್ನು ತೆರೆದಳು. ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ: "ಟ್ಯಾಂಕಿನ ನಳದಲ್ಲಿ ಸುಡುವ ನೀರು, ಬಾಯ್ಲರ್ ನಳದಲ್ಲಿ ತಣ್ಣೀರು. ಬಂದವರು ಕೈ ಸುಟ್ಟುಕೊಳ್ಳದಿರಲೆಂದು ಕೆಂಪು, ನೀಲಿ ಬಿಲ್ಲೆಗಳನ್ನು ಅದಲುಬದಲು ಮಾಡಿದೆ. ಮಳೆ ಬಂದ ಕೂಡಲೇ ಮರಳಿ ಹಾಕುವುದು. ಮರೆಯಬಾರದು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವ್ವ ಹಾಳೆ ತಿರುವಿ ಈ ವಾರದ ಪುಟವನ್ನೂ ಗಟ್ಟಿಯಾಗಿ ಓದಿದಳು. "ಶಂಕಿತರು. ಒಂದು, ಶರಣಪ್ಪ ಮಾಸ್ತರು. ಎರಡು, ಆಯಿ. ಊರಿಗೆ ಹೋಗುವ ಆಸೆಯಿಂದ ನಸುಕಿನಲ್ಲಿ ಸ್ಟೂಲು ಹತ್ತಿ ಥರ್ಮೋಸ್ಟಾಟ್ ತಿರುಗಿಸುತ್ತಿರಬಹುದೇ? ಮೊಣಕಾಲು ನೋವು ನಿಜವೇ? ಮೂರು, ಮೆಹಬೂಬ್ ಭಾಯಿ."

ಆಯಿ ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ಮೆಹಬೂಬಗಿಂತ ನಾ ಮ್ಯಾಲಾ?" ಎಂದಳು. ಆಮೇಲೆ ಮಾವನ ಕಡೆ ತಿರುಗಿ, "ನೀ ಹೋಗಪ್ಪಾ. ಕಾಲು ನೆಟ್ಟಗಾಗೋತನಕ ನಾ ಇಲ್ಲೇ ಇರ್ತೀನಿ. ಸ್ಟೂಲ್ ಹತ್ತಿ ತೋರಿಸಿಯೇ ಬರ್ತೀನಿ" ಎಂದಳು.

ಮೆಹಬೂಬ್ ಭಾಯಿಗೆ ಫೋನು ಮಾಡಿ ತಪ್ಪಾಯಿತೆಂದೆ. "ಅದನ್ನೂ ಬರಕೋರಿ ಸಾಬ್ರೇ" ಎಂದು ನಕ್ಕರು. ಬರೆದುಕೊಂಡೆ. ಬಿಲ್ಲೆಗಳನ್ನು ಮರಳಿ ಹಾಕಿ, ಮೂವರ ಹೆಸರನ್ನೂ ಹೊಡೆದು, ನಾಲ್ಕನೆಯದಾಗಿ ನನ್ನ ಹೆಸರು ಸೇರಿಸಿದೆ. ಆಯಿಗೆ ಅಷ್ಟರಿಂದ ತೃಪ್ತಿಯಿಲ್ಲ. ಈಗ ದಿನಾ ಬೆಳಿಗ್ಗೆ ಎರಡೂ ನಳಗಳಿಗೆ ಬೆರಳೊಡ್ಡಿ ನೋಡಿಯೇ ಸ್ನಾನಕ್ಕೆ ಕೂರುತ್ತಾಳೆ. ಹೊರಗೆ ಬಂದು, "ಇವತ್ತ ಕೆಂಪು ಬಿಸಿ. ಬರಕೋ" ಎನ್ನುತ್ತಾಳೆ. ನಾನು ಬರೆದುಕೊಳ್ಳುತ್ತೇನೆ. ಬರೆದದ್ದು ಸರಿಯಾಗಿದೆಯೇ ಎಂದು ಅವ್ವನಿಂದ ಓದಿಸಿ ಕೇಳುತ್ತಾಳೆ.