ಬೀಗರ ಕಾರು, ನನ್ನ ಕೀಲೆಣ್ಣೆ

ನನ್ನ ಮೊಮ್ಮಗಳು ಸಿಂಚನಾ ಹೊಳಲ್ಕೆರೆ ಬೀಗರ ಕರೆಂಟು ಕಾರಿನ ಕಟಕಟ ಸದ್ದನ್ನು ನಿಲ್ಲಿಸಿಬಿಟ್ಟಳು! ನಮ್ಮ ಮನೆಯ ಅಂಗಳದಲ್ಲೇ, ನನ್ನ ಕಣ್ಣೆದುರಿಗೇ. ನಮ್ಮೂರು ಹಿರೇಗುಂಟನೂರಿನಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಹಾಲಿನ ಡೇರಿಯಲ್ಲಿ ಎರಡು ಸಲ ಹೇಳಿದೆ. ಉಳಿದವರು ನೀವು. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಸಂತೋಷದ ಅವಸರ ಎಂದುಕೊಳ್ಳಿ.

ಸಂತೋಷದ ತಳದಲ್ಲಿ ಹೊಟ್ಟೆಕಿಚ್ಚೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬೀಗರೆಂದರೆ ನನ್ನ ಮಗಳ ಮಾವ, ಸಿಂಚನಾಳ ತಾತ. ಹೊಳಲ್ಕೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ. ನಾನು ಅವಳ ಅಜ್ಜ. ಮೊಮ್ಮಗಳು ಒಬ್ಬಳೇ, ಮುದುಕರು ಇಬ್ಬರು. ಕಷ್ಟ ಎಲ್ಲಿದೆ ಎಂದು ನಿಮಗೆ ತಿಳಿಯಿತಲ್ಲ. ಹುಡುಗಿ ಚಿತ್ರದುರ್ಗದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದಾಗಿನಿಂದ ವಾರವೆಲ್ಲ ನಮ್ಮ ಮನೆಯಿಂದಲೇ ಓಡಾಡುತ್ತಾಳೆ, ಭಾನುವಾರ ಮಾತ್ರ ಹೊಳಲ್ಕೆರೆಗೆ ಹೋಗುತ್ತಾಳೆ. ಆರು ದಿನ ನನ್ನವು. ಆದರೂ ಆ ಒಂದು ಭಾನುವಾರವನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಅಂಥದ್ದರಲ್ಲಿ ಬೀಗರು ಹೊಸ ಕಾರು ತಂದರು. ಬೆಕ್ಕು ಬಂದಂತೆ ಬಂದು ಅಂಗಳದಲ್ಲಿ ನಿಂತಿತು. "ಸದ್ದೇ ಇಲ್ಲ ನೋಡ್ರಿ ಬೀಗ್ರೇ! ಸಿಂಚನಾನೇ ಆರ್ಸಿದ್ದು. ಕುಂತ್ಕಳ್ರಿ, ಒಂದು ರೌಂಡು ಹೋಗಾಣ" ಎಂದರು. "ಸಿಂಚನಾನೇ ಆರ್ಸಿದ್ದು" ಎಂಬ ಮಾತು ನನ್ನ ಎದೆಗೆ ಮುಳ್ಳಿನಂತೆ ಚುಚ್ಚಿತು. ನನ್ನ ಕಾಲದ ಎತ್ತಿನ ಗಾಡಿ ಅರ್ಧ ಮೈಲಿ ದೂರದಿಂದಲೇ ಮನೆಗೆ ಸುದ್ದಿ ಮುಟ್ಟಿಸುತ್ತಿತ್ತು. ಆ ಸದ್ದು ಕೇಳಿ ನನ್ನ ಹೆಂಡತಿ ಮುದ್ದೆಗೆ ಎಸರಿಡುತ್ತಿದ್ದಳು. ಸದ್ದಿಲ್ಲದೆ ಬರುವವನಿಗೆ ಬಿಸಿ ಮುದ್ದೆ ಎಲ್ಲಿಂದ ಸಿಗಬೇಕು? ಹಾಗೆಂದು ಕೇಳಿದರೆ ಬೀಗರು ನಕ್ಕರು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ದೇವರೇ, ಇದಕ್ಕೂ ಒಂದು ಸದ್ದು ಬರಲಿ. ದೊಡ್ಡದು ಬೇಡ, ಚಿಕ್ಕದು ಸಾಕು.

ನನ್ನ ಬೇರೆ ಯಾವ ಬೇಡಿಕೆಗೂ ದೇವರು ಇಷ್ಟು ಬೇಗ ಓಗೊಟ್ಟಿದ್ದಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ರಸ್ತೆ ಉಬ್ಬು ಹತ್ತಿಳಿದಾಗಲೆಲ್ಲ ಮುಂದಿನ ಎಡ ಚಕ್ರದ ಹತ್ತಿರ 'ಕಟಕ್' ಎನ್ನತೊಡಗಿತು. ಡೀಸೆಲ್ ಗಾಡಿಯಾಗಿದ್ದರೆ ಎಂಜಿನ್ನಿನ ಗಲಾಟೆಯಲ್ಲಿ ಮುಚ್ಚಿಹೋಗುತ್ತಿತ್ತೋ ಏನೋ. ಇಲ್ಲಿ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಒಂದೊಂದೂ ಗೊತ್ತಾಗುತ್ತಿತ್ತು. ಹೋದ ವಾರ ಸಿಂಚನಾ ಗ್ಯಾರೇಜಿನಲ್ಲಿದ್ದ ಹೊತ್ತಿಗೆ ನಮ್ಮಲ್ಲಿಗೆ ಬಂದಾಗ ಬೀಗರ ಮುಖ ಸಣ್ಣಗಾಗಿತ್ತು. "ಭಾನ್ವಾರ ಸಿಂಚನಾ ನೋಡ್ತಾಳೆ ಬಿಡ್ರಿ" ಎಂದರು. ಮತ್ತೆ ಭಾನುವಾರ! ಅವಳು ನೋಡುವ ಮೊದಲು ನಾನೇ ಸರಿ ಮಾಡಿಬಿಟ್ಟರೆ? "ನಮ್ಮಜ್ಜ ಮಾಡಿದ್ದು" ಎಂದು ಗ್ಯಾರೇಜಿನಲ್ಲೆಲ್ಲ ಹೇಳಿಕೊಂಡು ತಿರುಗುವುದಿಲ್ಲವೇ ಅವಳು?

ಬೀಗರು ಉಂಡು ಮಲಗಿದರು. ನಾನು ಅಟ್ಟದಿಂದ ಕೀಲೆಣ್ಣೆ ಡಬ್ಬಿ ಇಳಿಸಿದೆ. ಗಾಡಿಯ ಅಚ್ಚಿಗೆಂದು ಹರಳೆಣ್ಣೆಗೆ ಹಳೇ ಎಂಜಿನ್ ಆಯಿಲ್ ಬೆರೆಸಿ ನಾನೇ ಮಾಡಿಟ್ಟದ್ದು. ಗಾಡಿ ಮಾರಿ ಎಷ್ಟೋ ವರ್ಷವಾದರೂ ಡಬ್ಬಿ ಬಿಸಾಡಲು ಮನಸ್ಸು ಬಂದಿರಲಿಲ್ಲ. ಅಳುವ ಚಕ್ರಕ್ಕೆ ಎಣ್ಣೆ ಹಾಕಬೇಕು, ಇದಕ್ಕೆ ಕಾಲೇಜು ಬೇಕೇ? ಕಾರಿನ ಕೆಳಗೆ ಅರ್ಧ ಮೈ ತೂರಿಸಿ, ಕೈಗೆಟುಕಿದ ರಬ್ಬರಿಗೆಲ್ಲ ಸವರಿದೆ. ಯಾವ ರಬ್ಬರಿಗೂ ಮೋಸ ಮಾಡಲಿಲ್ಲ.

ನಿನ್ನೆ ಭಾನುವಾರ. ಮೊಮ್ಮಗಳು ಹೊಳಲ್ಕೆರೆಗೆ ಹೋಗುವ ಬದಲು ಬೀಗರೇ ಮಗ ಸೊಸೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಕಾರು ಈಗ ಎರಡು ಸದ್ದು ಕಲಿತಿತ್ತು. ಮೊದಲು 'ಕಟಕ್', ಹಿಂದೆಯೇ 'ಕೊಂಯ್'. ನಾನು ಹಸುವಿಗೆ ಹುಲ್ಲು ಹಾಕಲು ಹೋದೆ. ಅದರ ಮುಂದೆ ಹುಲ್ಲು ಆಗಲೇ ಬೇಕಾದಷ್ಟಿತ್ತು.

"ಎಲ್ರೂ ಒಂದೀಟು ಸುಮ್ನಿರ್ರಿ" ಎಂದಳು ಸಿಂಚನಾ. ತಾತನಿಂದ ಅಂಗಳದ ಬಾಗಿಲ ದಿಣ್ಣೆಯ ಮೇಲೆ ಕಾರು ಹತ್ತಿಸಿ ಇಳಿಸಿದಳು. ತಾನು ಪಕ್ಕದಲ್ಲೇ ಬಗ್ಗಿ, ಚಕ್ರಕ್ಕೆ ಕಿವಿಗೊಟ್ಟು ನಡೆದಳು. ಆಮೇಲೆ ಚಕ್ರದ ಹಿಂದೆ ಕೈ ಹಾಕಿ, "ಅಪ್ಪಾ, ಕಾರು ಅಲ್ಲಾಡ್ಸು" ಎಂದಳು. "ಹಾಂ, ಇಲ್ಲೈತೆ! ಬೆರಳಿಗೆ ಹೊಡೀತೈತೆ. ಈ ಸಣ್ಣ ಸರಳಿನ ಕೀಲು ಸವೆದೈತೆ." ಸದ್ದಿನ ಸುದ್ದಿ ಕೇಳಿ, ಬೇಕಾಗಬಹುದೆಂದು ಗ್ಯಾರೇಜಿನಿಂದ ತಂದಿದ್ದ ಸಾಮಾನಿನಲ್ಲಿ ಹೊಸದನ್ನು ಆರಿಸಿ ಹಾಕಿ ಬಿಗಿದಳು. 'ಕಟಕ್' ಹೋಯಿತು. ಉಳಿದದ್ದು ನನ್ನದು.

ಕೆಳಗಿನ ರಬ್ಬರನ್ನು ಮುಟ್ಟಿದಳು. ಬೆರಳು ಕಪ್ಪಾಯಿತು. ಮೂಸಿ ನೋಡಿದಳು. ಚಿಕ್ಕವಳಿದ್ದಾಗ ಅದೇ ಡಬ್ಬಿಯನ್ನು ಹಬ್ಬದ ಲಂಗದ ಮೇಲೆ ಚೆಲ್ಲಿಕೊಂಡಿದ್ದವಳು. ಆ ವಾಸನೆ ಮರೆಯುವಂಥದ್ದಲ್ಲ. ಮೆಲ್ಲಗೆ ತಲೆಯೆತ್ತಿ ನನ್ನನ್ನೇ ನೋಡಿದಳು. ನನ್ನ ಆರು ದಿನಗಳೂ ಹೋದವು ಎಂದುಕೊಂಡೆ.

"ಏನವ್ವಾ ಅದು? ಯಾರ್ದೋ ಕಣ್ಣು ಬಿದ್ದಂಗೈತಲ್ಲ" ಎಂದರು ಬೀಗರು.

"ಎಂಥ ಕಣ್ಣೂ ಇಲ್ಲ ತಾತ. ರೋಡಿನ ಡಾಂಬರು ಹತ್ತಿ ರಬ್ಬರು ಉಬ್ಬೈತೆ. ಬೇರೆ ಹಾಕ್ತೀನಿ ಬಿಡು" ಎಂದಳು.

ಸಂಜೆಗೆ ಕಾರು ಮತ್ತೆ ಬೆಕ್ಕಾಯಿತು. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಉಣ್ಣಲು ಕುಳಿತೆವು. ಮುದ್ದೆ, ಹುರುಳಿಕಾಳಿನ ಸಾರು. "ಆ ಕಿವಿ ನಮ್ಮ ಮನೆತನದ್ದು ಬೀಗ್ರೇ. ಕೊಡ ಬಡಿದು ನೋಡಿ ಸೀಳು ಎಲ್ಲೈತೆ ಅಂತ ಹೇಳೋರು ನಾವು" ಎಂದರು ಬೀಗರು. ಬೇರೆ ದಿನವಾಗಿದ್ದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ನಿನ್ನೆ ಇಳಿಯಿತು. ಕಿವಿ ಅವರದೇ ಆಗಲಿ. ತಾತನ ಮುಂದೆಯೇ ನನಗಾಗಿ ಮೊಮ್ಮಗಳು ಒಂದು ಸುಳ್ಳು ಹೇಳಿದ್ದಾಳೆ; ಅಂಥದ್ದು ಅವರ ಹತ್ತಿರ ಇದೆಯೇ?

ಅಷ್ಟರಲ್ಲಿ ಅವಳು ತುಪ್ಪ ಬಡಿಸುತ್ತ ಬಂದಳು. ಬೀಗರಿಗೆ ಎರಡು ಚಮಚ. ನನಗೆ ಒಂದು. ನೋಡಬಾರದೆಂದುಕೊಂಡಿದ್ದೆ, ನೋಡಿದೆ.

"ಯಾಕವ್ವಾ, ನಂಗೆ ಒಂದೇನಾ?"

ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು: "ನಿನ್ ಪಾಲಿಂದು ಹೋದ್ವಾರನೇ ಕಾರಿಗೆ ಹಾಕ್ಬಿಟ್ಟಿದೀಯಲ್ಲಜ್ಜ."

"ಏನಂತೆ ಬೀಗ್ರೇ?" ಎಂದರು ಅವರು.

"ಏನಿಲ್ಲ, ನೀವು ಉಣ್ರಿ" ಎಂದು ನನ್ನ ಒಂದು ಚಮಚ ತುಪ್ಪವನ್ನು ಮುದ್ದೆಗೆಲ್ಲ ಸವರಿಕೊಂಡೆ.