ಜಂಟಿ ಪಡೆಯ ಪಾಠ ಮಾಡಿ ಕೆಟ್ಟೆ

ಹೊಸದುರ್ಗದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ಪ್ರತಿ ವರ್ಷವೂ ಈ ಸಲ ಕರೆಯುತ್ತಾರೋ ಬಿಡುತ್ತಾರೋ ಎಂದು ಕಾಯುವ ಅತಿಥಿ. ಇಂಥವನು ದೇಶದೇಶಗಳ ರಕ್ಷಣೆಯ ಬಗ್ಗೆ ಪಾಠ ಮಾಡಲು ನಿಂತರೆ ಹೀಗೆಲ್ಲ ಆಗುತ್ತಲೇ ಇರುತ್ತದೆ.

ಎರಡು ಟೋಪಿ

ನೆರೆಹೊರೆಯ ದೇಶಗಳು ಸೇರಿ ಒಂದು ಜಂಟಿ ಪಡೆ ಕಟ್ಟಿಕೊಳ್ಳುತ್ತವೆ, ಮೊದಲಿನ ದೊಡ್ಡ ರಕ್ಷಣಾ ಒಕ್ಕೂಟವನ್ನೂ ಬಿಡುವುದಿಲ್ಲ. "ಸೈನಿಕರು ಅವರೇ, ಟೋಪಿ ಮಾತ್ರ ಎರಡು" ಎಂದು ವಿವರಿಸಿದೆ. ಬಾಗೂರಿನ ಹುಡುಗನೊಬ್ಬ ಎದ್ದು ನಿಂತ.

"ಗೊತ್ತಾತು ಸಾರ್. ನಾನೂ ಕಾಲೇಜ್ ವಾಲಿಬಾಲ್ ಟೀಮ್‌ನಾಗೂ ಅದೀನಿ, ಊರ ಟೀಮ್‌ನಾಗೂ ಅದೀನಿ."

"ಒಂದೇ ದಿನ ಎರಡೂ ಕಡೆ ಮ್ಯಾಚ್ ಬಂದ್ರೆ?"

"ಇವ್ರಿಗೆ ಅಲ್ಲಿ ಆಡ್ತೀನಿ ಅಂತೀನಿ, ಅವ್ರಿಗೆ ಇಲ್ಲಿ ಆಡ್ತೀನಿ ಅಂತೀನಿ. ಮನ್ಯಾಗೆ ಮಲಗ್ತೀನಿ ಸಾರ್."

ಪಠ್ಯಪುಸ್ತಕ ಇದನ್ನು ಇಷ್ಟು ಬಿಡಿಸಿ ಹೇಳಿರಲಿಲ್ಲ.

ತಿಳಿದಷ್ಟು ನೆರವು

ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬುದು ಅಂಥ ರಕ್ಷಣಾ ಒಕ್ಕೂಟದ ಒಪ್ಪಂದ. ಆದರೆ ಯಾವ ನೆರವು ಕೊಡಬೇಕೆಂದು ಆಯಾ ದೇಶವೇ ತೀರ್ಮಾನಿಸಬಹುದು, ತನಗೆ ತಿಳಿದಷ್ಟು ಕೊಟ್ಟರೆ ಸಾಕು. ಇದನ್ನು ಹೇಳಿದ ವಾರದೊಳಗೇ ನಮ್ಮ ವಿದ್ಯಾರ್ಥಿಯೊಬ್ಬ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಹುಡುಗರ ಕೈಲಿ ಒದೆ ತಿಂದು ಬಂದ. ಜೊತೆಗಿದ್ದವರನ್ನು ಸಿಟ್ಟಿನಿಂದ ಕೇಳಿದೆ: "ನೀವೇನ್ರೋ ಮಾಡ್ತಿದ್ರಿ?"

"ತಿಳಿದಷ್ಟು ನೆರವು ಕೊಟ್ವಿ ಸಾರ್. ನಾನು ವಿಡಿಯೋ ಮಾಡ್ದೆ. ಇವನು ಅವನ ಬ್ಯಾಗ್ ಹಿಡ್ಕಂಡಿದ್ದ."

ಒದೆ ತಿಂದವನು ಮೂಗು ಒರೆಸಿಕೊಳ್ಳುತ್ತಾ, "ವಿಡಿಯೋನೂ ಸರಿಯಾಗಿ ಬಂದಿಲ್ಲ ಸಾರ್" ಎಂದ.

ನಮ್ಮದೇ ಪಡೆ

ಕಲಾ ವಿಭಾಗಕ್ಕೆ ಸೇರುವವರು ಕಡಿಮೆಯಾದರು, ನಮ್ಮಂಥ ಅತಿಥಿಗಳಲ್ಲಿ ಎರಡು ಕಾಲೇಜಿಗೆ ಒಬ್ಬರನ್ನಷ್ಟೇ ಇಟ್ಟುಕೊಂಡು ಉಳಿದವರನ್ನು ತೆಗೆಯುತ್ತಾರೆಂಬ ಸುದ್ದಿ ಹಬ್ಬಿತು. ಹಿರಿಯೂರು, ಹೊಳಲ್ಕೆರೆಗಳಲ್ಲಿ ರಾಜ್ಯಶಾಸ್ತ್ರವನ್ನೇ ಪಾಠ ಮಾಡುವ ಇಬ್ಬರು ಅತಿಥಿ ಮಿತ್ರರೂ ನಾನೂ ಚಿತ್ರದುರ್ಗದ ಹೋಟೆಲೊಂದರಲ್ಲಿ ಕೂತು ಜಂಟಿ ಪಡೆ ಕಟ್ಟಿದೆವು. ಮೂವರಲ್ಲಿ ಒಬ್ಬರನ್ನು ತೆಗೆದರೆ ಉಳಿದಿಬ್ಬರೂ ಪಾಠ ನಿಲ್ಲಿಸಬೇಕು. ಅತಿಥಿ ಉಪನ್ಯಾಸಕರ ರಾಜ್ಯಮಟ್ಟದ ದೊಡ್ಡ ಸಂಘದಲ್ಲಿ ನಾವು ಮೊದಲೇ ಇದ್ದೆವು, ಅದೂ ಇರಲಿ ಎಂದುಕೊಂಡೆವು.

ನನ್ನನ್ನೇ ತೆಗೆದರು. ಹೆಂಡತಿಯ ಮುಖ ನೋಡಲಾಗದೆ ಹಿತ್ತಲಲ್ಲಿ ನಿಂತು ಅತ್ತೆ.

ಸಂಘದ ಮುಖಂಡರಿಗೆ ಫೋನ್ ಮಾಡಿದೆ. "ನೀವು ಬ್ಯಾರೆ ಪಡೆ ಕಟ್ಕಂಡೀರಂತಲ್ಲ, ಅವ್ರನ್ನೇ ಕೇಳ್ರಿ" ಎಂದರು. ಹಿರಿಯೂರಿನ ಮಿತ್ರನಿಗೆ ಮಾಡಿದೆ. "ಅಷ್ಟು ದೊಡ್ಡ ಸಂಘ ಐತಲ್ಲ, ಅವ್ರನ್ನ ಮೊದ್ಲು ಕೇಳ್ರಿ" ಎಂದ. ಹೊಳಲ್ಕೆರೆಯವನು ಫೋನೇ ಎತ್ತಲಿಲ್ಲ.

ಸೋಮವಾರ ನನ್ನ ಪುಸ್ತಕಗಳನ್ನು ತರಲು ಕಾಲೇಜಿಗೆ ಹೋದರೆ, ನನ್ನ ತರಗತಿಯಲ್ಲಿ, ನನ್ನದೇ ಕುರ್ಚಿಯಲ್ಲಿ ಹೊಳಲ್ಕೆರೆಯ ಮಿತ್ರ ಹಾಜರಿ ಕರೆಯುತ್ತಿದ್ದ.

"ಏನ್ ಸಾರ್ ಇದು? ಪಾಠ ನಿಲ್ಲಿಸ್ತೀನಿ ಅಂದಿದ್ರಲ್ರಿ!"

ಅವನು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬೇಜಾರ್ ಮಾಡ್ಕಬ್ಯಾಡ್ರಿ ಸಾರ್. ನಿಮ್ಮ ಜಾಗ ಹೊರಗಿನವರ ಪಾಲಾಗಬಾರ್ದು ಅಂತ ನಾನೇ ಬಂದು ಕುಂತೀನಿ."